ಪಿರಮಿಡ್ ಲೇಕ್‌ನ ದೊಡ್ಡ ಟ್ರೌಟ್: ನಾಟಿ ತಳಿ ಮನೆಗೆ ಮರಳಿದ ಒಂದು ಪ್ರಕರಣ

ಮಾರ್ಚ್ ತಿಂಗಳ ಬೆಳಗಿನ ಜಾವ. ಇನ್ನೂ ಕತ್ತಲು. ಅಮೆರಿಕದ ನೆವಾಡಾ ರಾಜ್ಯದ ಪಿರಮಿಡ್ ಲೇಕ್ ದಡದಲ್ಲಿ ತಲೆಗೆ ಟಾರ್ಚ್ ಕಟ್ಟಿಕೊಂಡ ಜನ ಒಬ್ಬೊಬ್ಬರಾಗಿ ನೀರಿಗೆ ಇಳಿಯುತ್ತಾರೆ. ಒಂದು ಕೈಯಲ್ಲಿ ಗಾಳದ ಕೋಲು, ಹೆಗಲ ಮೇಲೆ ಏಣಿ. ಮನೆಗೆ ಬಣ್ಣ ಹೊಡೆಯುವವರು ತರುತ್ತಾರಲ್ಲ, ಅದೇ ಮಡಚುವ ಏಣಿ. ಸೊಂಟದ ಮಟ್ಟದ ನೀರಿನಲ್ಲಿ ಅದನ್ನು ಊರಿ, ಮೇಲೆ ಹತ್ತಿ ನಿಂತು, ಆಳದ ಕಡೆಗೆ ನೂಲು ಬೀಸುತ್ತಾರೆ. ಬೆಳಕು ಹರಿಯುವ ಹೊತ್ತಿಗೆ ದಡದುದ್ದಕ್ಕೂ ಏಣಿಗಳ ಸಾಲು.

ಇವರೆಲ್ಲ ಬಂದಿರುವುದು ಒಂದು ಮೀನಿಗಾಗಿ. ಹೆಸರು ಲಹಾಂಟನ್ ಕಟ್‌ಥ್ರೋಟ್ ಟ್ರೌಟ್. ದವಡೆಯ ಕೆಳಗೆ ಚಾಕುವಿನಲ್ಲಿ ಗೀರಿದ ಹಾಗೆ ಕೆಂಪು ಗೆರೆ ಇರುವುದರಿಂದ ಆ ಹೆಸರು. ಈಗ ಇಲ್ಲಿ 20 ಪೌಂಡ್, ಅಂದರೆ 9 ಕೆಜಿ ದಾಟಿದ ಮೀನುಗಳೂ ಸಿಗುತ್ತವೆ. ಆದರೆ 1940ರ ದಶಕದ ಮಧ್ಯದ ಹೊತ್ತಿಗೆ ಇದೇ ಕೆರೆಯಲ್ಲಿ ಈ ಮೀನು ಒಂದೂ ಉಳಿದಿರಲಿಲ್ಲ.

ನಾನು ಇರುವುದು ಸ್ಯಾಕ್ರಮೆಂಟೋದಲ್ಲಿ. ಮೊದಲ ಸಲ ಇಲ್ಲಿಗೆ ಬಂದಾಗ ನನ್ನ ತಲೆಯಲ್ಲಿ ಇದ್ದದ್ದು ಕೋಲು, ನೂಲು, ಫ್ಲೈ ಎಂಬ ಹುಳದ ವೇಷದ ಕೊಕ್ಕೆ ಇಷ್ಟೇ. ದೊಡ್ಡ ಮೀನು ಬೇಕಾದರೆ ಒಳ್ಳೆಯ ಕೈ ಬೇಕು ಅಂದುಕೊಂಡಿದ್ದೆ. ಈ ಕೆರೆಯ ಕತೆ ತಿಳಿದ ಮೇಲೆ ಆ ಯೋಚನೆ ಬದಲಾಯಿತು. ಇಲ್ಲಿ ದೊಡ್ಡ ಮೀನನ್ನು ಕೊಟ್ಟಿದ್ದು ತಳಿ. ಊರಿನದೇ ನಾಟಿ ತಳಿ. ಅದು ಹೇಗೆ ಕಳೆದುಹೋಯಿತು, ಎಲ್ಲಿ ಬದುಕಿತ್ತು, ಹೇಗೆ ವಾಪಸ್ ಬಂತು ಅನ್ನುವುದನ್ನು ಬಿಟ್ಟು ಇಲ್ಲಿನ ಗಾಳದ ಬಗ್ಗೆ ಮಾತಾಡಿದರೆ ಅರ್ಧ ಕತೆ ಹೇಳಿದ ಹಾಗೆ.

ಕೆರೆ ಎಂಥದ್ದು

ರೀನೋ ಪಟ್ಟಣದಿಂದ ಸುಮಾರು 55 ಕಿ.ಮೀ. ಈಶಾನ್ಯಕ್ಕೆ ಪಿರಮಿಡ್ ಲೇಕ್ ಇದೆ. ಸುತ್ತ ಮರವಿಲ್ಲದ ಬೋಳು ಬೆಟ್ಟ. ನಡುವೆ ಕಡು ನೀಲಿ ನೀರು. ವಿಸ್ತೀರ್ಣ ಸುಮಾರು 487 ಚದರ ಕಿ.ಮೀ. ನಮ್ಮ ಲಿಂಗನಮಕ್ಕಿ ಹಿನ್ನೀರು ಪೂರ್ತಿ ತುಂಬಿದರೂ ಇಷ್ಟು ಹರಡುವುದಿಲ್ಲ. ಆಳವಾದ ಕಡೆ 100 ಮೀಟರ್ ದಾಟುತ್ತದೆ. ಹಿಮಯುಗದಲ್ಲಿ ನೆವಾಡಾದ ದೊಡ್ಡ ಭಾಗವನ್ನು ಮುಚ್ಚಿದ್ದ ಲಹಾಂಟನ್ ಎಂಬ ಸರೋವರ ಒಣಗುತ್ತಾ ಬಂದು ಉಳಿದ ತುಂಡು ಇದು.

ಟಾಹೋ ಸರೋವರದಿಂದ ಹೊರಡುವ ಟ್ರಕಿ ನದಿ ಇಲ್ಲಿಗೆ ಬಂದು ಸೇರುತ್ತದೆ. ಇಲ್ಲಿಂದ ಮುಂದೆ ನೀರು ಎಲ್ಲಿಗೂ ಹೋಗುವುದಿಲ್ಲ. ಬಿಸಿಲಿಗೆ ಆವಿಯಾಗುತ್ತದೆ, ಉಪ್ಪು ಉಳಿಯುತ್ತದೆ. ಹಾಗಾಗಿ ನೀರಿನಲ್ಲಿ ಸಮುದ್ರದ ಆರರಲ್ಲಿ ಒಂದು ಪಾಲಿನಷ್ಟು ಉಪ್ಪಿದೆ. ಕ್ಷಾರವೂ ಜಾಸ್ತಿ, ಪಿಎಚ್ 9ರ ಆಸುಪಾಸು. ಬೇರೆ ಟ್ರೌಟ್‌ಗಳು ಇಂಥ ನೀರಿನಲ್ಲಿ ಸರಿಯಾಗಿ ಬಾಳುವುದಿಲ್ಲ. ಈ ಕಟ್‌ಥ್ರೋಟ್ ಸಾವಿರಾರು ವರ್ಷ ಇದರಲ್ಲೇ ಪಳಗಿದ ಮೀನು. ಟುಯಿ ಚಬ್ ಎಂಬ ಮೀನು ಇಲ್ಲಿ ಹಿಂಡು ಹಿಂಡಾಗಿದೆ. ಟ್ರೌಟ್ ಚಿಕ್ಕದಿದ್ದಾಗ ಹುಳ ಹುಪ್ಪಟೆ ತಿನ್ನುತ್ತದೆ, ಸ್ವಲ್ಪ ಬೆಳೆದ ಮೇಲೆ ಈ ಚಬ್‌ಗಳನ್ನೇ ನುಂಗುತ್ತದೆ. ಮೈ ತುಂಬುವುದು ಅದರಿಂದಲೇ.

ಕೆರೆ ಪೈಯೂಟ್ ಎಂಬ ಮೂಲನಿವಾಸಿ ಬುಡಕಟ್ಟಿನ ಜನರದ್ದು. ಅವರ ಮೀಸಲು ಪ್ರದೇಶದ ಒಳಗೇ ಇದೆ. ಮೀನು ಹಿಡಿಯಲು ಪರವಾನಗಿ ಕೊಡುವವರೂ ನಿಯಮ ಮಾಡುವವರೂ ಅವರೇ. ಕ್ವೀ-ವೀ ಎಂಬ ಇನ್ನೊಂದು ಮೀನು ಜಗತ್ತಿನಲ್ಲಿ ಈ ಕೆರೆ ಬಿಟ್ಟು ಬೇರೆಲ್ಲೂ ಇಲ್ಲ. ಇಲ್ಲಿನ ಪೈಯೂಟರು ತಮ್ಮನ್ನು ಕರೆದುಕೊಳ್ಳುವುದೇ 'ಕ್ವೀ-ವೀ ತಿನ್ನುವವರು' ಎಂದು. ಒಂದು ಜನ ತಮ್ಮ ಹೆಸರಲ್ಲೇ ಮೀನನ್ನು ಇಟ್ಟುಕೊಂಡಿದ್ದಾರೆ ಅಂದರೆ ಆ ನೀರು ಅವರಿಗೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

1844ರ ಜನವರಿಯಲ್ಲಿ ಜಾನ್ ಫ್ರೆಮಾಂಟ್ ಎಂಬ ಸೇನಾಧಿಕಾರಿ ತಂಡದೊಂದಿಗೆ ಇಲ್ಲಿಗೆ ಬಂದ. ನೀರಿನ ನಡುವೆ ಎದ್ದಿದ್ದ ಬಂಡೆ ನೋಡಿ ಪಿರಮಿಡ್ ಎಂದು ಹೆಸರಿಟ್ಟ. ಹಸಿದಿದ್ದ ಆ ತಂಡಕ್ಕೆ ಪೈಯೂಟರು ಇದೇ ಟ್ರೌಟ್ ತಂದು ಕೊಟ್ಟರು. ಮುಂದೆ ರೈಲು ಬಂತು. ಮೀನು ದೂರದ ಪೇಟೆಗಳಿಗೆ ಹೋಗತೊಡಗಿತು. 1925ರ ಡಿಸೆಂಬರ್‌ನಲ್ಲಿ ಜಾನ್ ಸ್ಕಿಮ್ಮರ್‌ಹಾರ್ನ್ ಎಂಬ ಪೈಯೂಟ್ ವ್ಯಕ್ತಿ ಹಿಡಿದ ಮೀನು 41 ಪೌಂಡ್ ತೂಗಿತು. ಹದಿನೆಂಟೂವರೆ ಕೆಜಿ. ಕಟ್‌ಥ್ರೋಟ್‌ಗಳಲ್ಲಿ ವಿಶ್ವದಾಖಲೆ ಇವತ್ತಿಗೂ ಅದೇ.

ಆದರೆ ಆ ದಾಖಲೆ ಬರೆಯುವ ಹೊತ್ತಿಗೆ ಕೆರೆಯ ಕೊರಳು ಬಿಗಿದು ಇಪ್ಪತ್ತು ವರ್ಷ ಆಗಿತ್ತು.

ನೀರು ಬೇರೆ ಕಡೆ ಹರಿದಾಗ

1902ರಲ್ಲಿ ಅಮೆರಿಕ ಸರ್ಕಾರ ಒಣಭೂಮಿಗೆ ನೀರು ಕೊಡಲು ಒಂದು ಕಾನೂನು ಮಾಡಿತು. ಅದರಡಿ ಮೊದಲು ಎದ್ದ ಕಟ್ಟಡವೇ ಟ್ರಕಿ ನದಿಯ ಮೇಲಿನ ಡರ್ಬಿ ಅಣೆಕಟ್ಟು. 1905ರಲ್ಲಿ ಕೆಲಸ ಮುಗಿಯಿತು. ನದಿಯ ಸುಮಾರು ಅರ್ಧ ನೀರು ನಾಲೆ ಹಿಡಿದು ಫ್ಯಾಲನ್ ಊರಿನ ಕಡೆ ಹೋಯಿತು. ಅಲ್ಲಿ ಕುದುರೆ ಮೆಂತ್ಯ ಬೆಳೆದರು, ಹಸು ಸಾಕಿದರು. ಅಲ್ಲಿನ ರೈತರನ್ನು ನಾನು ಬೈಯಲಾರೆ. ನಾಲೆಯ ನೀರು ಗದ್ದೆಗೆ ಬಂದ ದಿನ ಒಂದು ಮನೆಯಲ್ಲಿ ಏನಾಗುತ್ತದೆ ಅಂತ ಮಂಡ್ಯದ ಕಡೆಯವರಿಗೆ ಗೊತ್ತು. ಆದರೆ ನದಿಯ ಕೊನೆಯಲ್ಲಿ ಕೂತವರನ್ನು ಯಾರೂ ಕೇಳಲಿಲ್ಲ.

ಕೆರೆ ಇಳಿಯತೊಡಗಿತು. 1967ರ ವೇಳೆಗೆ ಸುಮಾರು 80 ಅಡಿ ಇಳಿದಿತ್ತು. ಪಕ್ಕದಲ್ಲಿದ್ದ ವಿನ್ನೆಮಕ್ಕ ಎಂಬ ಅವಳಿ ಕೆರೆ 1930ರ ದಶಕದಲ್ಲೇ ಪೂರ್ತಿ ಒಣಗಿತು. ಈಗ ಅಲ್ಲಿ ಬಿಳಿ ಮಣ್ಣಿನ ಬಯಲು ಮಾತ್ರ.

ಟ್ರೌಟ್‌ಗೆ ಪೆಟ್ಟು ಬಿದ್ದದ್ದು ಕೆರೆ ಚಿಕ್ಕದಾಗಿದ್ದರಿಂದ ಅಲ್ಲ. ಈ ಮೀನು ಬದುಕುವುದು ಕೆರೆಯಲ್ಲಿ, ಮೊಟ್ಟೆ ಇಡುವುದು ನದಿಯಲ್ಲಿ. ವಸಂತದಲ್ಲಿ ಹಿಮ ಕರಗಿ ನದಿ ತುಂಬಿದಾಗ ಮೇಲಕ್ಕೆ ಈಜಿ, ತಣ್ಣನೆಯ ಸಿಹಿನೀರಿನ ಜಲ್ಲಿಕಲ್ಲಿನಲ್ಲಿ ಗುಂಡಿ ತೋಡಿ ಮೊಟ್ಟೆ ಇಡಬೇಕು. ಕೆರೆ ಇಳಿದಾಗ ನದಿಯ ಬಾಯಲ್ಲಿ ಮರಳಿನ ದಿಬ್ಬ ಎದ್ದಿತು. ಅದರ ಮೇಲೆ ಹರಿಯುತ್ತಿದ್ದ ನೀರು ಪಾದ ಮುಳುಗುವಷ್ಟೂ ಇಲ್ಲ. ಕೈ ತೋಳಿನಷ್ಟು ಉದ್ದದ ಮೀನು ಅದರಲ್ಲಿ ಹೇಗೆ ಹತ್ತೀತು? ಹತ್ತಿದವಕ್ಕೂ ಮೇಲೆ ಅಣೆಕಟ್ಟು ಅಡ್ಡ. 1938ರಲ್ಲಿ ಕೊನೆಯ ಸಲ ಮೀನು ನದಿಗೆ ಏರಿದವು. ಸರಾಸರಿ ತೂಕ ಸುಮಾರು 20 ಪೌಂಡ್. ಅಂದರೆ ಅವೆಲ್ಲ ವಯಸ್ಸಾದ ಮೀನುಗಳು. ಹಿಂದೆ ಮರಿಗಳೇ ಇರಲಿಲ್ಲ. ದೊಡ್ಡ ದೊಡ್ಡ ಮೀನು ಸಿಗುತ್ತಿದೆ ಅಂತ ಹಿಗ್ಗುವ ಮೊದಲು ಚಿಕ್ಕವು ಎಲ್ಲಿ ಅಂತ ಕೇಳಬೇಕು. ಇದನ್ನು ನಾನು ಕಲಿತದ್ದು ಆ ಒಂದು ಅಂಕಿಯಿಂದ.

ಕೆಲವೇ ವರ್ಷಗಳಲ್ಲಿ ಕೆರೆ ಖಾಲಿಯಾಯಿತು. 1950ರ ನಂತರ ಬೇರೆ ಕೆರೆಗಳ ಲಹಾಂಟನ್ ಟ್ರೌಟ್ ಮರಿಗಳನ್ನು ತಂದು ಬಿಟ್ಟರು. ಅವುಗಳಲ್ಲಿ ಸಮ್ಮಿಟ್ ಲೇಕ್‌ನ ತಳಿ ಮುಖ್ಯ. ಬುಡಕಟ್ಟಿನವರು ತಮ್ಮದೇ ಮರಿ ಸಾಕಣೆ ಕೇಂದ್ರಗಳನ್ನು ಕಟ್ಟಿಕೊಂಡರು. ಆ ಶ್ರಮವನ್ನು ಸಣ್ಣದು ಅನ್ನಬಾರದು. ಕೆರೆಗೆ ಮತ್ತೆ ಜೀವ ಬಂತು, ಗಾಳದವರು ಬಂದರು. ಆದರೆ ಈ ಮೀನುಗಳು 10 ಪೌಂಡ್ ಮುಟ್ಟಿದರೆ ಅದೇ ದೊಡ್ಡ ಸುದ್ದಿ. ಅದೇ ನೀರು, ಅದೇ ಚಬ್ ಮೇವು, ಆದರೂ 41 ಪೌಂಡಿನ ಕೆರೆ ವಾಪಸ್ ಬರಲಿಲ್ಲ.

ದಾಟಿದರೆ ಒಂದು ಹೆಜ್ಜೆಯ ತೊರೆ

ಯೂಟಾ ಮತ್ತು ನೆವಾಡಾ ಗಡಿಯಲ್ಲಿ ಪೈಲಟ್ ಪೀಕ್ ಎಂಬ ಬೆಟ್ಟವಿದೆ. ಪಿರಮಿಡ್ ಲೇಕ್‌ನಿಂದ ಇಡೀ ನೆವಾಡಾ ದಾಟಿ ಹೋಗಬೇಕು. ಅದರ ಮೈಯಲ್ಲಿ ಮಾರಿಸನ್ ಕ್ರೀಕ್ ಎಂಬ ಪುಟ್ಟ ತೊರೆ. 1977ರಲ್ಲಿ ಅಲ್ಲಿ ಕಟ್‌ಥ್ರೋಟ್ ಮೀನುಗಳು ಕಂಡವು. ಆ ತೊರೆಗೆ ಅವು ತಾವಾಗಿ ಬಂದಿರಲು ಸಾಧ್ಯವೇ ಇಲ್ಲ. 20ನೇ ಶತಮಾನದ ಮೊದಲ ದಶಕಗಳಲ್ಲಿ ಯಾರೋ ತಂದು ಬಿಟ್ಟಿದ್ದರು. ಆಗಿನ ಕಾಲದಲ್ಲಿ ಪಿರಮಿಡ್ ಲೇಕ್‌ನ ಮೊಟ್ಟೆ, ಮರಿಗಳನ್ನು ಎಲ್ಲೆಲ್ಲಿಗೋ ಕಳಿಸುತ್ತಿದ್ದರು. ಟ್ರೌಟ್ ಅಧ್ಯಯನದಲ್ಲಿ ದೊಡ್ಡ ಹೆಸರಾದ ರಾಬರ್ಟ್ ಬೆಂಕಿ ಅವರು ಆ ಮೀನು ನೋಡಿ, ಇದು ಪಿರಮಿಡ್ ಲೇಕ್‌ನ ಮೂಲ ತಳಿಯೇ ಅಂದರು.

ನಂಬುವುದು ಸುಲಭ ಇರಲಿಲ್ಲ. ತೊರೆಯ ಮೀನು ಒಂದು ಗೇಣು ಉದ್ದ ಇದ್ದರೆ ಹೆಚ್ಚು. ಅಲ್ಲಿ ನೀರೂ ಕಡಿಮೆ, ತಿನ್ನಲು ಸಿಗುವುದೂ ಕಡಿಮೆ. ಇದರ ಮೈಯಲ್ಲಿ 41 ಪೌಂಡಿನ ಅಜ್ಜನ ರಕ್ತ ಇದೆ ಅಂದರೆ ಯಾರು ಒಪ್ಪುತ್ತಾರೆ? ಮುಂದೆ ರೀನೋದ ನೆವಾಡಾ ವಿಶ್ವವಿದ್ಯಾಲಯದ ಮೇರಿ ಪೀಕಾಕ್ ಮತ್ತು ಸಂಗಡಿಗರು ಮ್ಯೂಸಿಯಂಗಳಲ್ಲಿ ಕಾದಿಟ್ಟಿದ್ದ ಹಳೆಯ ಪಿರಮಿಡ್ ಲೇಕ್ ಮೀನುಗಳ ಡಿಎನ್‌ಎ ತೆಗೆದು ಈ ತೊರೆಯ ಮೀನಿನ ಜೊತೆ ಹೋಲಿಸಿದರು. ಹೊಂದಿಕೆ ಆಯಿತು.

ಅಷ್ಟರಲ್ಲಿ, 1995ರಿಂದಲೇ, ಗಾರ್ಡ್ನರ್‌ವಿಲ್‌ನಲ್ಲಿರುವ ಲಹಾಂಟನ್ ರಾಷ್ಟ್ರೀಯ ಮರಿ ಸಾಕಣೆ ಕೇಂದ್ರದಲ್ಲಿ ಈ ತಳಿಯನ್ನು ಬೆಳೆಸುತ್ತಿದ್ದರು. 2006ರಲ್ಲಿ ಪಿರಮಿಡ್ ಲೇಕ್‌ಗೆ ಬಿಟ್ಟರು. ಆರೇ ವರ್ಷ. 2012ರ ಹಂಗಾಮಿನಲ್ಲಿ 20 ಪೌಂಡ್ ದಾಟಿದ ಮೀನುಗಳು ಗಾಳಕ್ಕೆ ಬಂದವು. ಎಪ್ಪತ್ತು ವರ್ಷ ತೊರೆಯಲ್ಲಿ ಗೇಣುದ್ದ ಇದ್ದ ಮೀನು, ತನ್ನ ಕೆರೆಯ ಮೇವು ಸಿಕ್ಕಿದ್ದೇ ತನ್ನ ಅಳತೆಗೆ ಬೆಳೆಯಿತು.

ನಾನು ಈ ಭಾಗವನ್ನು ಓದಿದಾಗ ನನಗೆ ಕಾವೇರಿ ನೆನಪಾಯಿತು. ನಮ್ಮ ಮಹಶೀರ್ ಕತೆ ಇದರ ತಲೆಕೆಳಗು. ಬೆನ್ನು ಉಬ್ಬಿದ, ಕಿತ್ತಳೆ ರೆಕ್ಕೆಯ ಕಾವೇರಿಯ ಮಹಶೀರ್ ಜಗತ್ತಿನ ಮಹಶೀರ್‌ಗಳಲ್ಲೇ ಅತಿ ದೊಡ್ಡದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದದ್ದು 120 ಪೌಂಡ್. ಆಮೇಲೆ ಸಂಖ್ಯೆ ಹೆಚ್ಚಿಸಲೆಂದು ಬೇರೆ ಕಡೆ ಸಾಕಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಅವು ಹೆಚ್ಚಿದವು, ನಮ್ಮದು ಕುಸಿಯಿತು. 2018ರಲ್ಲಿ ಈ ಮೀನಿಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅದೇ ವರ್ಷ ಅದು ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಈಗ ಮೋಯಾರ್‌ನಂಥ ಉಪನದಿಗಳೇ ಅದಕ್ಕೆ ಮಾರಿಸನ್ ಕ್ರೀಕ್. ಮೀನು ಬಿಟ್ಟೆವು ಅನ್ನುವುದು ಸಾಕಾಗುವುದಿಲ್ಲ, ಯಾವ ಮೀನು ಅಂತ ಕೇಳಬೇಕು. ಈ ಮಾತನ್ನು ನಾನು ಗಾಳ ಹಾಕುವ ಪ್ರತಿ ಗೆಳೆಯನ ಹತ್ತಿರವೂ ಹೇಳುತ್ತೇನೆ.

ಪೈಲಟ್ ಪೀಕ್ ತಳಿ ಬಂದಷ್ಟಕ್ಕೇ ಎಲ್ಲ ಸರಿಹೋಗಲಿಲ್ಲ. ನದಿಯಲ್ಲಿ ನೀರು ಬೇಕಿತ್ತು. ಅದಕ್ಕೆ ಬುಡಕಟ್ಟಿನವರು ದಶಕಗಟ್ಟಲೆ ಕೋರ್ಟು ಹತ್ತಿದರು. ಕ್ವೀ-ವೀ 1967ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿದ್ದು ಅವರಿಗೆ ಬಲ ಕೊಟ್ಟಿತು. ಮೇಲಿನ ಸ್ಟ್ಯಾಂಪೀಡ್ ಜಲಾಶಯದ ನೀರನ್ನು ಮೀನಿಗಾಗಿ ಬಿಡುವ ವ್ಯವಸ್ಥೆ ಆಯಿತು. 1990ರಲ್ಲಿ ಈ ನೀರಿನ ಜಗಳದ ಇತ್ಯರ್ಥಕ್ಕೆ ಕಾನೂನು ಬಂತು. 2014ರ ವಸಂತದಲ್ಲಿ ಕಟ್‌ಥ್ರೋಟ್‌ಗಳು ಟ್ರಕಿ ನದಿಗೆ ಏರಿ ಮೊಟ್ಟೆ ಇಟ್ಟವು. 1938ರ ಬಳಿಕ ಮೊದಲ ಸಲ. 2020ರಲ್ಲಿ ಡರ್ಬಿ ಅಣೆಕಟ್ಟಿನ ನಾಲೆಗೆ ದೊಡ್ಡ ಜಾಲರಿ ಹಾಕಿದರು, ಮೀನು ಗದ್ದೆಯ ಕಡೆ ಹೋಗದೆ ನದಿಗೇ ಮರಳಲಿ ಅಂತ. ಆದರೂ ಕೆರೆಯ ಹೆಚ್ಚಿನ ಮೀನು ಇವತ್ತಿಗೂ ಸಾಕಣೆ ಕೇಂದ್ರದಿಂದಲೇ ಬರುತ್ತದೆ.

ಏಣಿಯ ಮೇಲೆ ಒಂದು ದಿನ

ಈಗ ಗಾಳದ ವಿಷಯ. ಫ್ಲೈ ಅಂದರೆ ಕೊಕ್ಕೆಗೆ ನೂಲು, ಪುಕ್ಕ, ತುಪ್ಪಳ ಸುತ್ತಿ ಮಾಡಿದ ಹುಳದ ವೇಷ. ಎರೆಹುಳು, ಹಿಟ್ಟಿನುಂಡೆ ಹಾಕುವ ಹಾಗಿಲ್ಲ. ಪಿರಮಿಡ್ ಲೇಕ್‌ನಲ್ಲಿ ಕೃತಕ ಗಾಳ ಮಾತ್ರ. ಕೊಕ್ಕೆಯ ತುದಿಯಲ್ಲಿ ಹಿಂದಕ್ಕೆ ಬಾಗಿದ ಮುಳ್ಳು ಇರಬಾರದು, ಇದ್ದರೆ ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು. ಹಂಗಾಮು ಅಕ್ಟೋಬರ್ 1ರಿಂದ ಜೂನ್ 30ರವರೆಗೆ.

ಊರಲ್ಲಿ ಹೊಳೆಯಲ್ಲಿ ಗಾಳ ಹಾಕಿ ಬೆಳೆದವನಿಗೆ ನಿಂತ ನೀರು ಮೊದಲು ಗೊಂದಲ ಮಾಡುತ್ತದೆ. ಹೊಳೆಯಲ್ಲಿ ಮೀನು ಕಲ್ಲಿನ ಮರೆಯಲ್ಲಿ ಒಂದು ಕಡೆ ನಿಲ್ಲುತ್ತದೆ, ನೀರೇ ಮೇವು ತರುತ್ತದೆ. ಕೆರೆಯಲ್ಲಿ ಹಾಗಲ್ಲ. ಮೀನು ಮೇವು ಹುಡುಕಿಕೊಂಡು ತಿರುಗುತ್ತಲೇ ಇರುತ್ತದೆ. ಅದರ ಹಿಂದೆ ಓಡಿ ಪ್ರಯೋಜನ ಇಲ್ಲ. ಅದು ಹಾದು ಹೋಗುವ ದಾರಿಯಲ್ಲಿ ಕಾಯಬೇಕು. ಇಲ್ಲಿ ಆ ದಾರಿ ಅಂದರೆ ತಟ್ಟನೆ ಆಳವಾಗುವ ಅಂಚು. ಚಳಿಗಾಲ ಮುಗಿದು ವಸಂತ ಬಂದಾಗ ದೊಡ್ಡ ಮೀನುಗಳು ಮೊಟ್ಟೆ ಇಡುವ ತವಕದಲ್ಲಿ ದಡಕ್ಕೆ ಬಂದು ಈ ಅಂಚಿನ ಗುಂಟ ಓಡಾಡುತ್ತವೆ. ಏಣಿ ಬೇಕಾಗುವುದು ಅದಕ್ಕೇ. ಅಂಚಿನ ಹತ್ತಿರ ಹೋಗಬೇಕು, ಆದರೆ ಹೆಪ್ಪುಗಟ್ಟುವಂಥ ನೀರಿನಲ್ಲಿ ಎದೆಮಟ್ಟ ಮುಳುಗಿ ಇಡೀ ದಿನ ನಿಲ್ಲಲು ಆಗದು.

ನಾನು ಹೇಳಹೊರಟ ದಿನ ಗಾಳಿ ದಡದ ಕಡೆಗೇ ಬೀಸುತ್ತಿತ್ತು. ಅಲೆ ಬಂದು ಏಣಿಗೆ ಬಡಿಯುತ್ತಿತ್ತು. ಹಾಸನದ ಕಡೆಯ ಗೆಳೆಯ ಜೊತೆಗಿದ್ದ. "ಇಂಥ ಗಾಳೀಲಿ ಮೀನು ಸಿಗುತ್ತೇನೋ ಮಾರಾಯ, ಹೋಗಿ ಕಾಫಿ ಕುಡಿಯೋಣ ಬಾ" ಅಂದ. "ಈ ಗಾಳಿಗೇ ಕಾಯ್ತಿದ್ದೆ ಕಣೋ" ಅಂದೆ. ಅಲೆ ಎದ್ದಾಗ ದಡದ ನೀರು ಕದಡುತ್ತದೆ, ಹುಳಗಳು ಮೇಲೇಳುತ್ತವೆ, ಮೀನಿಗೆ ಧೈರ್ಯ ಬರುತ್ತದೆ. ತಿಳಿನೀರು, ಬಿಸಿಲು, ಗಾಳಿಯಿಲ್ಲದ ದಿನ ನಮಗೆ ಚೆಂದ, ಮೀನು ಆಳದಲ್ಲೇ ಉಳಿಯುತ್ತದೆ.

ಬೆಳಕಿಗೆ ಮೊದಲು ಮುಳುಗುವ ನೂಲು ಕಟ್ಟಿದ್ದೆ. ತುದಿಗೆ ಒಂದು ಕಪ್ಪು ಫ್ಲೈ, ಅದರ ಹಿಂದೆ ಸ್ಪಂಜಿನಂಥ ಫೋಮ್‌ನಲ್ಲಿ ಮಾಡಿದ ಜೀರುಂಡೆ. ನೂಲು ತಳ ಸೇರುತ್ತದೆ, ಫೋಮ್ ತೇಲಲು ನೋಡುತ್ತದೆ. ಹಾಗಾಗಿ ಜೀರುಂಡೆ ತಳಕ್ಕೆ ಸಿಕ್ಕಿಕೊಳ್ಳದೆ ಸ್ವಲ್ಪ ಮೇಲೆ ನಿಲ್ಲುತ್ತದೆ. ದೂರ ಬೀಸಿ, ಮುಳುಗಲು ಬಿಟ್ಟು, ಗೇಣು ಗೇಣಾಗಿ ಎಳೆಯುವುದು. ಎರಡು ಗಂಟೆ ಎಳೆದೆ. ಒಂದೂ ಮುಟ್ಟಲಿಲ್ಲ.

ಸೂರ್ಯ ಮೇಲೆ ಬಂದ ಮೇಲೆ ಬೆಂಡಿಗೆ ಬದಲಿಸಿದೆ. ನಮ್ಮೂರಿನ ಗಾಳದ ಬೆಂಡೇ. ಇಲ್ಲಿ ಬಣ್ಣದ ಪ್ಲಾಸ್ಟಿಕ್ ಗುಂಡು ಅಷ್ಟೇ. ಅದರ ಕೆಳಗೆ ಎಂಟು ಅಡಿಗೆ ಒಂದು ಜಿಗಣೆ ಫ್ಲೈ. ಅದರ ತಲೆಯ ಮುಂದೆ ಸೂಜಿಗೆ ಪೋಣಿಸಿದ ಭಾರದ ಮಣಿ ಇರುತ್ತದೆ. ತಕ್ಕಡಿಯ ಹಾಗೆ ಎರಡೂ ಕಡೆ ತೂಕ ಸಮ ಇರುವುದರಿಂದ ಫ್ಲೈ ತಲೆಕೆಳಗಾಗಿ ಜೋತು ಬೀಳುವುದಿಲ್ಲ, ಈಜುವ ಜಿಗಣೆಯ ಹಾಗೆ ಮಟ್ಟಸವಾಗಿ ನಿಲ್ಲುತ್ತದೆ. ಅಲೆ ಬೆಂಡನ್ನು ಎತ್ತಿದಾಗ ಜಿಗಣೆ ಏರುತ್ತದೆ, ಇಳಿದಾಗ ಇಳಿಯುತ್ತದೆ. ಕೆಲಸವನ್ನೆಲ್ಲ ಗಾಳಿಯೇ ಮಾಡುತ್ತದೆ. ನಾವು ಮಾಡಬೇಕಾದದ್ದು ಬೆಂಡಿನ ಮೇಲಿಂದ ಕಣ್ಣು ತೆಗೆಯದೇ ಇರುವುದು.

ಒಂಬತ್ತರ ಸುಮಾರಿಗೆ ಮೊದಲ ಮೀನು. ಎಂಟು ಪೌಂಡ್ ಇದ್ದೀತು. ಇಲ್ಲಿ ನಾನು ತಪ್ಪು ಮಾಡಿದೆ. ಬಲೆಯಲ್ಲಿ ದಡಕ್ಕೆ ತಂದು, ಎತ್ತಿ ಹಿಡಿದು, ಫೋಟೋಗೆ ನಿಂತೆ. ಗೆಳೆಯನ ಫೋನ್ ಜಾರಿತು, ಅವನ ಕೈ ಮರಗಟ್ಟಿತ್ತು. ಒಂದು ನಿಮಿಷ ದಾಟಿತು. ನೀರಿಗೆ ಬಿಟ್ಟರೆ ಮೀನು ಪಕ್ಕಕ್ಕೆ ವಾಲಿತು. ಹೊಟ್ಟೆ ಮೇಲೆ. ಎದೆ ಝಲ್ ಅಂದಿತು. ಬಾಲದ ಬುಡ ಹಿಡಿದು, ಹೊಟ್ಟೆಗೆ ಇನ್ನೊಂದು ಕೈ ಕೊಟ್ಟು, ಮುಖವನ್ನು ಅಲೆಗೆ ತಿರುಗಿಸಿ ನಿಂತೆ. ಕಿವಿರು ಮೆಲ್ಲಗೆ ಆಡತೊಡಗಿತು. ಎಷ್ಟು ಹೊತ್ತಾಯಿತೋ, ಬೆರಳುಗಳಲ್ಲಿ ಸ್ಪರ್ಶವೇ ಉಳಿದಿರಲಿಲ್ಲ. ಕೊನೆಗೆ ಬಾಲ ಒಮ್ಮೆ ಒದರಿ ಹೋಯಿತು. ಅದು ಬದುಕಿತು ಅಂತ ನಾನು ಅಂದುಕೊಂಡಿದ್ದೇನೆ. ಇಷ್ಟು ಜನ ಇಷ್ಟು ವರ್ಷ ಕಷ್ಟಪಟ್ಟು ತಂದ ಮೀನನ್ನು ಒಂದು ಫೋಟೋಗಾಗಿ ಅಷ್ಟು ಹೊತ್ತು ಗಾಳಿಯಲ್ಲಿ ಇಟ್ಟಿದ್ದು ನನಗೆ ಇವತ್ತಿಗೂ ನೋವಿನ ವಿಷಯ.

ಆಮೇಲೆ ಐದು ಗಂಟೆ ಏನೂ ಇಲ್ಲ. ಬೆಂಡಿನ ಕೆಳಗಿನ ಉದ್ದವನ್ನು ಒಂಬತ್ತು ಅಡಿ ಮಾಡಿದೆ, ಹತ್ತು ಮಾಡಿದೆ. ಹೆಜ್ಜಾರ್ಲೆಗಳು ಸಾಲಾಗಿ ಅನಾಹೋ ದ್ವೀಪದ ಕಡೆ ಹಾರಿದವು. ಅಲ್ಲಿ ಅವುಗಳ ದೊಡ್ಡ ಗೂಡುತಾಣವಿದೆ. ಪಕ್ಕದ ಏಣಿಗಳು ಒಂದೊಂದೇ ಖಾಲಿಯಾದವು.

ಮೂರೂವರೆಗೆ ಬೆಂಡು ಮುಳುಗಿತು. ಕುಣಿಯಲಿಲ್ಲ, ಓಲಾಡಲಿಲ್ಲ. ಸುಮ್ನೆ ಇಲ್ಲವಾಯಿತು. ಕೋಲು ಎತ್ತಿದರೆ ಬಂಡೆಗೆ ಸಿಕ್ಕಂತೆ ಭಾರ. ಆಮೇಲೆ ಆ ಬಂಡೆ ತಲೆ ಅಲ್ಲಾಡಿಸಿತು. ಈ ಮೀನು ಗಾಳಿಗೆ ನೆಗೆಯುವ ಜಾತಿಯಲ್ಲ. ತಳ ಹಿಡಿದು, ಗೂಳಿಯ ಹಾಗೆ ತಲೆ ಕೊಡವುತ್ತದೆ. ಕೊಕ್ಕೆಗೆ ಮುಳ್ಳಿಲ್ಲವಾದ್ದರಿಂದ ನೂಲು ಒಂದು ಕ್ಷಣ ಸಡಿಲವಾದರೂ ಜಾರುತ್ತದೆ. ಬಿಗಿ ಬಿಡದೆ, ಜಗ್ಗದೆ, ಅದು ಓಡಿದಾಗ ಬಿಟ್ಟು, ನಿಂತಾಗ ಸುತ್ತಿಕೊಂಡೆ. ಗೆಳೆಯ ಮಾತಿಲ್ಲದೆ ಬಲೆ ಹಿಡಿದು ನೀರಿಗೆ ಇಳಿದ.

ಈ ಸಲ ಮೀನು ನೀರಿನಿಂದ ಮೇಲೆ ಬರಲಿಲ್ಲ. ಬಲೆಯೊಳಗೆ, ನೀರಲ್ಲೇ ಇಟ್ಟು ಅಳೆದೆವು. 32 ಇಂಚು. ಮೈ ತಾಮ್ರದ ಬಣ್ಣ, ಕೆನ್ನೆ ಗುಲಾಬಿ, ದವಡೆಯಡಿ ಆ ಕೆಂಪು ಗೆರೆ. 24 ಇಂಚು ದಾಟಿದ ಮೀನನ್ನು ದಿನಕ್ಕೆ ಒಂದು ಇಟ್ಟುಕೊಳ್ಳಲು ನಿಯಮದಲ್ಲಿ ಅವಕಾಶ ಇದೆ. ನಾವು ಆ ಮಾತನ್ನೇ ಎತ್ತಲಿಲ್ಲ.

ಬೆನ್ನಿನ ರೆಕ್ಕೆಯ ಬುಡದಲ್ಲಿ ದಾರದಷ್ಟು ಸಣ್ಣ ಟ್ಯಾಗ್ ಇತ್ತು. ಪಾಚಿ ಕಟ್ಟಿತ್ತು. ಹೆಬ್ಬೆರಳಿನಿಂದ ಉಜ್ಜಿ ಅಂಕಿಗಳನ್ನು ಒಂದೊಂದಾಗಿ ಜೋರಾಗಿ ಓದಿದೆ. ಗಾಳಿಯ ಸದ್ದಿನಲ್ಲಿ ಗೆಳೆಯ "ಇನ್ನೊಂದ್ಸಲ ಹೇಳು" ಅಂದ. ಮತ್ತೆ ಓದಿದೆ. ಅವನು ಪೆನ್ನಿನಿಂದ ಅಂಗೈ ಮೇಲೆ ಬರೆದುಕೊಂಡ. ಆ ಸಂಖ್ಯೆಯನ್ನು ತಿಳಿಸಿದರೆ ಮೀನನ್ನು ಬೆಳೆಸಿದವರಿಗೆ ಅದು ಎಷ್ಟು ವರ್ಷ ಬದುಕಿದೆ, ಎಷ್ಟು ಬೆಳೆದಿದೆ ಅಂತ ಗೊತ್ತಾಗುತ್ತದೆ. ಬಲೆಯ ಬಾಯಿ ತಗ್ಗಿಸಿದೆ. ಮೀನು ಸ್ವಲ್ಪ ಹೊತ್ತು ನನ್ನ ಏಣಿಯ ಕಾಲುಗಳ ನಡುವೆಯೇ ನಿಂತಿತ್ತು. ಆಮೇಲೆ ಅಂಚಿನ ಕಡೆ ತಿರುಗಿ ಕಪ್ಪು ನೀರಿಗೆ ಇಳಿಯಿತು.